ಕೋಡಿನ ಮೀನಿಗೆ ಅರಿಸಿನ

ಹೆಂಡತಿಯನ್ನು ನಗಿಸುವ ವಿದ್ಯೆಯಲ್ಲಿ ಇಡೀ ಬ್ಯಾಡಗಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಲವತ್ತು ವರ್ಷ ಮೆರೆದವನು ನಾನು. ಆದರೆ ನಮ್ಮ ಆಕಳು ಕೆಂದಿ ಸತ್ತು ಮೂರು ತಿಂಗಳಾದರೂ ನನ್ನಾಕೆ ಕರೆವ್ವನ ತುಟಿ ಅಲುಗಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಗೋದಲಿಯ ಮುಂದೆ ಕೂರುತ್ತಿದ್ದಳು. ನನ್ನ ಜೋಕುಗಳಿಗೆ ನೆರೆಮನೆಯ ಗೋಡೆ ಬಿರುಕುಬಿಟ್ಟಿತೇ ಹೊರತು ಆಕೆ ನಗಲಿಲ್ಲ. ನಗಿಸಿಯೇ ತೀರುತ್ತೇನೆಂದು ಪಣತೊಟ್ಟು ಹಾವೇರಿ ಬಸ್ಸು ಹತ್ತಿದೆ!

ಅಲ್ಲಿ ಸಾಕುಮೀನಿನ ಅಂಗಡಿಯ ಮುಸ್ತಾಕ್ ಒಂದು ಗಾಜಿನ ತೊಟ್ಟಿ ತೋರಿಸಿದ. ಒಳಗೆ ಹಳದಿ ಮೀನು, ಹಣೆಯ ಮೇಲೆ ಎರಡು ಕೋಡು!

"ಇದಕ್ಕ ಆಕಳಮೀನು ಅಂತಾರ್ರಿ ಕಾಕಾ. ಸಮುದ್ರದಾಗ ಆಕಳ ಹೆಸರಿನ ಪ್ರಾಣಿ ಇನ್ನೂ ಅದಾವ, ಕಡಲಾಕಳ ಅಂತ. ಹುಲ್ಲು ಮೇಯೂವು, ಆನಿಯಂಗ ದಪ್ಪ ಇರೂವು."

"ಅವು ಬಸ್ಸಿನ್ಯಾಗ ಹಿಡಿಯಂಗಿಲ್ಲಪಾ. ಇದನ್ನ ಕೊಡು."

"ಆದ್ರ ಮುಟ್ಟಬ್ಯಾಡ್ರಿ. ಅಂಜಿದ್ರ ನೀರಿಗೆ ವಿಷಾ ಬಿಟ್ಟು ತಾನೂ ಸಾಯ್ತೈತಿ."

"ನಮ್ಮನ್ಯಾಗ ಅಂಜೂ ಪ್ರಾಣಿ ನಾನೊಬ್ನ!"

ತೊಟ್ಟಿ, ಉಪ್ಪುನೀರು, ಜೊತೆಗೆ ಐದು ಪುಟ್ಟ ಮೀನುಗಳ ಸಮೇತ ಬಂದಿಳಿದೆ. ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಸೀನದ ಮೊದಲ ಅತಿಥಿ ಅದೇ ಇರಬೇಕು.

"ಇದು ಆಕಳೇನ್ರೀ?"

"ಕೋಡು ಎಣಿಸ್ಕೋ!"

ಕರೆವ್ವ ಬಗ್ಗಿ ನೋಡಿದಳು. ತುಟಿಯಂಚು ಅಲುಗಿತು! "ಯವ್ವಾ, ಕಣ್ಣು ನೋಡ್ರಿ ಇದರದು!"

ವಿಜಯ ಸಾರಲು ವಿರೂಪಾಕ್ಷಪ್ಪನ ಚಹಾದಂಗಡಿಗೆ ಓಡಿದೆ. ಮುಸ್ತಾಕನ ಎಚ್ಚರಿಕೆಯನ್ನು ಆಕೆಗೆ ಹೇಳಲಿಲ್ಲ.

ಹೊಸ ಆಕಳು ಮನೆಗೆ ಬಂದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ನಾನು ಮರಳಿದಾಗ ಮೀನಿನ ಹಣೆಗೆ ಅರಿಸಿನ-ಕುಂಕುಮ, ಕೋಡಿಗೆ ಎಣ್ಣೆ! ಅಂಗೈಯಲ್ಲಿ ಎತ್ತಿ ಹಿಡಿದು ಹಚ್ಚಿದ್ದಳಂತೆ. ಸಂಜೆಯೊಳಗೆ ಆರೂ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು.

"ನನ್ನ ಕೈಯಾಗ ಯಾವುದೂ ಬದುಕಂಗಿಲ್ಲೇನ್ರಿ?" ಎಂದಳು, ಮೆಲ್ಲಗೆ.

"ತಪ್ಪು ನಂದು. ಮುಟ್ಟಬ್ಯಾಡ ಅಂದಿದ್ದ ಮುಸ್ತಾಕ್, ನಾ ಹೇಳಲಿಲ್ಲ. ನಾಳೆ ಇನ್ನೊಂದು ತರ್ತೇನಿ, ನಗುವಂತಿ..."

"ಏನೂ ತರಬ್ಯಾಡ್ರಿ. ಕೆಂದಿ ಹೋದಾಗಿಂದ ನನ್ನ ನಗಸಾಕ ನೋಡಾಕತ್ತೀರಿ. ಒಂದ್ಸಲ ನನ್ನ ಜೋಡಿ ಕುಂತು ಅಳ್ರಿ."

ಕೂತೆ. ಕೆಂದಿಯ ಬೆಚ್ಚನೆಯ ಉಸಿರು ಅಂಗೈಗೆ ನೆನಪಾಯಿತು. ಎಪ್ಪತ್ತು ವರ್ಷದ ಬಾಳಿನಲ್ಲಿ ಅಳದೆ ಕೂಡಿಟ್ಟದ್ದೆಲ್ಲ ಒಮ್ಮೆಲೇ ಒಡೆದು ಬಂತು!

ಕರೆವ್ವ ಸೆರಗಿನಿಂದ ನನ್ನ ಮುಖ ಒರೆಸುತ್ತ ಗದರಿದಳು: "ಸಾವಕಾಶ ಅಳ್ರಿ! ಓಣಿ ಮಂದಿ ನಾನ ಸತ್ತೇನಂತ ಹೂವಿನ ಹಾರ ತಂದಾರು!"