ಗೆರಿ ಇಲ್ಲದ ಸಮುದ್ರ

ಡ್ರಾಯಿಂಗ್ ಮಾಸ್ತರ ಆದವನಿಗೆ ಇಂಥವು ತಪ್ಪಂಗಿಲ್ಲ ನೋಡ್ರಿ. ಗಣಿತದ ಮಾಸ್ತರ ಬೋರ್ಡಿನ ಮ್ಯಾಲ ಏನು ಬರದರೂ ಯಾರೂ ಬಾಯಿ ತೆಗಿಯಂಗಿಲ್ಲ. ನಾ ಒಂದು ಕಾಗಿ ಬರದರ ಸಾಕು, ಹಾದಿಲೆ ಹೋಗೋರು ಒಳಗ ಬಂದು ಅದರ ಕೊಕ್ಕು ತಿದ್ದಿ ಹೋಗ್ತಾರ.

ಹೋದ ಬ್ಯಾಸಗಿ ಸೂಟಿಯೊಳಗ ಒಂದು ಹಳೇ ಪುಸ್ತಕದಾಗ ಫ್ರಾನ್ಸ್ ಕಡಿ ಕಲಾವಿದನೊಬ್ಬನ ಸಮುದ್ರದ ಚಿತ್ರ ಕಂಡೆ. ಮನಸ್ಸು ಸೋತು, ಅರ್ಧ ಬಾಗಲದಷ್ಟು ಪ್ಲೈವುಡ್ ಹಲಗಿ ಮ್ಯಾಲ ನಕಲು ಇಳಿಸಿ ನಮ್ಮ ಸಾಲಿ ಗೋಡಿಗೆ ತೂಗು ಹಾಕಿದೆ. ಅದರಾಗ ಗೆರಿ ಅನ್ನೋದೇ ಇಲ್ಲ. ಎಲ್ಲಾ ಕುಂಚ ಒತ್ತಿ ಒತ್ತಿ ಇಟ್ಟ ಬಣ್ಣ. ನೀಲಿ, ನೇರಳಿ, ನಡುವ ಬಿಸಿಲಿನ ಹಳದಿ. ದಂಡಿಗೆ ಬಿಳೇ ಬುರುಗು, ಛತ್ರಿ ಹಿಡಿದು ನಿಂತ ಒಬ್ಬ ಹೆಣ್ಮಗಳು, ದೂರದಾಗ ಒಂದು ದೋಣಿ. ಹತ್ರ ನಿಂತರ ಯಾರೋ ಕುಂಚ ಒರಸಿದ ಹಲಗಿ ಅನಸ್ತದ. ಎಂಟು ಹೆಜ್ಜಿ ಹಿಂದ ಸರದರ ನೀರು ಅಲ್ಲಾಡತದ, ಆಕಿ ಅಂಗಿ ಗಾಳಿಗೆ ಹಾರತದ. ನಾ ಸಮುದ್ರ ನೋಡಿದವನಲ್ಲ. ಆದ್ರೂ ಎಂಟನೇ ಹೆಜ್ಜಿಗೆ ನಿಂತಾಗ ಮುಖಕ್ಕ ತಂಪು ಹತ್ತಿದಂಗ ಆಗ್ತಿತ್ತು.

೧. ಕೆಲಸ ನಡದದ

ಮೊದಲ ಬಂದವರು ಹೆಡ್‌ಮಾಸ್ತರು.

"ಎಂದು ಮುಗಸ್ತೀರಿ ಇದನ್ನ?"

"ಮುಗದದ್ರಿ ಸರ."

ಅವರು ಮೂಗು ಹಲಗಿಗೆ ಹಚ್ಚಿ ನೋಡಿದ್ರು. "ಮುಗದದ ಅಂತ ಯಾರ ಮುಂದೂ ಅನಬ್ಯಾಡ್ರಿ. ನಾಳೆ ತಪಾಸಣಿಗೆ ಸಾಹೇಬರು ಬರಾಕತ್ಯಾರ, ಮರ್ಯಾದಿ ಹೋಗ್ತದ."

ಚಿತ್ರದ ಕೆಳಗ ತಾವೇ ಒಂದು ಚೀಟಿ ಅಂಟಿಸಿದ್ರು: 'ಕೆಲಸ ಪ್ರಗತಿಯಲ್ಲಿದೆ.' ಮರುದಿನ ಸಾಹೇಬರು ಚೀಟಿ ಓದಿ ಎಂಥಾ ಕೆಲಸ ಅಂತ ಕೇಳಿದ್ರು, ಹೆಡ್‌ಮಾಸ್ತರು 'ಸಮುದ್ರರಿ' ಅಂದ್ರು; ಚಿತ್ರ ನೋಡಲೇ ಇಲ್ಲ. ಭೇಟಿ ಪುಸ್ತಕದಾಗ ಬರದು ಹೋದ್ರು: 'ಸಮುದ್ರದ ಕೆಲಸ ಮಳೆಗಾಲಕ್ಕಿಂತ ಮೊದಲು ಪೂರ್ಣಗೊಳಿಸತಕ್ಕದ್ದು.'

೨. ಛತ್ರಿಯಾಕಿ

ಎಂಟನೇತ್ತೆ ಹುಡುಗರಿಗೆ 'ಚಿತ್ರ ನೋಡಿ ವರ್ಣಿಸ್ರಿ' ಅಂದೆ. ಸಮುದ್ರ ಅಂತ ಬೇಕಂತಲೇ ಹೇಳಲಿಲ್ಲ. ಬಾಜೂ ಹಳ್ಳಿ ಬಳಿಚಕ್ರದಿಂದ ಬರೋ ಹುಡುಗಿ ಎದ್ದು ನಿಂತಳು.

"ಇದು ಹತ್ತಿ ಹೊಲರಿ ಸರ. ಹತ್ತಿ ಒಡದು ಬೆಳ್ಳಗ ಬಿದ್ದದ. ಛತ್ರಿ ಹಿಡದಾಕಿ ಹೊಲದ ಮಾಲಕಿ."

"ಮಾಲಕಿನೇ ಅಂತ ಹೆಂಗ ಅಂತಿ?"

"ಹತ್ತಿ ಬಿಡಸೋರಿಗೆ ಛತ್ರಿ ಹಿಡಿಯಾಕ ಕೈ ಎಲ್ಲಿ ಖಾಲಿ ಇರ್ತಾವ್ರಿ? ನಮ್ಮವ್ವ ಬಿಸಲಾಗ ಬಗ್ಗಿದ್ರ ಸಂಜಿಗೇ ಎದ್ದು ನಿಲ್ಲಾಕಿ."

ಆದ್ರೂ ಮಾಸ್ತರಿಕಿ ಬಿಡಬೇಕಲ್ಲ, ದೋಣಿ ತೋರಿಸಿ ಕೇಳಿದೆ, "ಹಂಗಾರ ಇದೇನು?"

"ಕೂಲಿಯವರನ್ನ ಕರಕೊಂಡು ಬಂದ ಟಂಟಂ ಗಾಡಿರಿ."

ಹತ್ತಕ್ಕ ಹತ್ತು ಕೊಟ್ಟೆ.

೩. ಭೇಷ್

ನನಗ ಚಿತ್ರ ಕಲಿಸಿದ ಗುರುಗಳು ಸುರಪುರದವರು. ಹಳೇ ಸುರಪುರದ ಶೈಲಿ, ಅಳಿಲಿನ ಬಾಲದ ಕೂದಲಿನ ಕುಂಚ, ಕೂದಲೆಳಿಯಂಥ ಗೆರಿ. ಗೆರಿ ಸೊಟ್ಟ ಹೋತೋ, ಬೆರಳಿನ ಗೆಣ್ಣಿಗೆ ಸ್ಕೇಲ್ ಬಿತ್ತಂತ ತಿಳಿ. ಎರಡು ವರ್ಷದಿಂದ ಅವರು ಕುಂಚ ಹಿಡಿದಿರಲಿಲ್ಲ. ಕೇಳಿದರ, "ಚಲೋ ಕೂದಲಾ ಸಿಗವಲ್ದು" ಅಂತಿದ್ರು.

ಬಹುಮಾನ ಹಂಚಾಕ ಸಾಲಿಗೆ ಅವರನ್ನೇ ಕರದ್ರು. ಗೆರಿ ಇಲ್ಲದ ಈ ಚಿತ್ರ ನೋಡಿದರ ಹುಡುಗರ ಮುಂದೇ ನನ್ನ ಮಾನ ಹರಾಜು! ಮ್ಯಾಲ ಚಾದರ ಹೊಚ್ಚಬೇಕು ಅನ್ನೋದರಾಗ ಅವರು ಬಂದೇ ಬಿಟ್ರು. ಕೈ ಹಿಂದ ಕಟ್ಟಿ ಭಾಳ ಹೊತ್ತು ನಿಂತ್ರು.

"ಭೇಷ್," ಅಂದ್ರು. "ಛತ್ರಿ ಕಡ್ಡಿ ಒಂದೊಂದೂ ಎಣಸಬಹುದು."

ಆ ಛತ್ರಿ ಅಂದ್ರ ಬಿಳೇ ಬಣ್ಣದ ಒಂದು ಒತ್ತು, ಅಷ್ಟೇ. ಕಡ್ಡಿ ಎಲ್ಲಿಂದ ಬರಬೇಕು?

ಮನಿಗೆ ಬಿಡಾಕ ಹೋದಾಗ ಕೇಳೇ ಬಿಟ್ಟೆ, "ಗುರುಗಳೇ, ಖರೇ ಹೇಳ್ರಿ, ಏನು ಕಂಡಿತ್ರಿ?"

ಅವರ ಹೆಂಡತಿ, ನಮ್ಮ ಅವ್ವಾರು, ಬಾಗಲದಾಗ ನಿಂತು ಸೆರಗಿಲೆ ಕಣ್ಣು ಒರಸಿಕೊಂಡ್ರು. "ಎರಡೂ ಕಣ್ಣಾಗ ಪೊರಿ ಬಂದದಪ್ಪ. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ಗುರುಗಳು ತಲಿ ತಗ್ಗಿಸಿದ್ರು. "ಹುಡುಗರ ಮುಂದ ನೀ ಸಣ್ಣಾಗಬಾರದು ಅಂತ ಭೇಷ್ ಅಂದೆ. ಛತ್ರಿ ಅನ್ನೋದು ಹುಡುಗರ ಮಾತಿನಾಗ ಕಿವಿಗೆ ಬಿದ್ದಿತ್ತು. ನನಗ ಬರೇ ಗೋಡಿ ಕಂಡಿತು. ಗೋಡಿ ಚಲೋ ಇತ್ತು."

೪. ಪಟ್ಟಿ ಬಿಚ್ಚಿದ್ದು

ಆಪರೇಶನ್ ಅಂದ್ರ ಅವರಿಗೆ ಹೆದರಿಕಿ. "ಇದ್ದ ಬೆಳಕೂ ಹೋದ್ರ? ಇನ್ನ ಒಂದು ಗೆರಿನೂ ಎಳಿಲಾರದೆ ಬದಕೂದು ಹೆಂಗೋ?" ಅಂತಿದ್ರು. ತಿಂಗಳತನ ಬೆನ್ನು ಹತ್ತಿದೆ. ಕಡಿಗೆ ಒಂದು ಕರಾರಿನ ಮ್ಯಾಲ ಒಪ್ಪಿದ್ರು: ಪಟ್ಟಿ ಬಿಚ್ಚಿದ ಕೂಡಲೇ ಆ ಸಮುದ್ರನೇ ಮೊದಲ ತೋರಿಸಬೇಕು. "ಸುಳ್ಳ ಭೇಷ್ ಅಂದೀನಿ. ಖರೇ ಮಾಡಬೇಕು."

ಹೂಂ ಅಂದೆ. ನನ್ನ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ! ಹಲಗಿ ಟಂಟಂನಾಗ ಹಾಕ್ಕೊಂಡು ಯಾದಗಿರಿ ದವಾಖಾನಿಗೆ ಒಯ್ದೆ. ಸಣ್ಣ ಖೋಲಿ, ಮಂಚದ ಕಾಲ್ದೆಸಿಗೇ ನಿಲ್ಲಿಸಿದೆ. ಎಂಟು ಹೆಜ್ಜಿ ಎಲ್ಲಿಂದ ತರೂದು? ಒಂದು ಕಣ್ಣಿನ ಆಪರೇಶನ್ ಆತು, ಮರುದಿನ ಮುಂಜಾನಿ ನರ್ಸಬಾಯಿ ಅದರ ಪಟ್ಟಿ ಬಿಚ್ಚಿದ್ರು.

ಗುರುಗಳು ನೋಡಿದ್ರು. ರೆಪ್ಪಿ ಬಡದು ಮತ್ತ ನೋಡಿದ್ರು. ಕಣ್ಣಾಗ ನೀರು ಬಂತು.

"ಹೋತಪ್ಪಾ. ಎಲ್ಲಾ ಕಲಸಿ ಹೋಗ್ಯಾದ. ಒಂದು ಗೆರಿನೂ ಕಾಣವಲ್ದು."

ಅವ್ವಾರು "ಅಯ್ಯೋ ಶಿವನೇ" ಅಂತ ನೆಲಕ್ಕ ಕುಂತ್ರು. ನರ್ಸಬಾಯಿ ಓಡಿದ್ರು. ಡಾಕ್ಟರ್ ಬ್ಯಾಟರಿ ಹಿಡಕೊಂಡು ಬಂದವರು ಕಣ್ಣು ನೋಡಿ, "ಕಣ್ಣು ಚಲೋ ಅದಲ್ರಿ?" ಅಂದ್ರು. ಆಮ್ಯಾಲ ಚಿತ್ರ ನೋಡಿದ್ರು, ತಮ್ಮ ಚಸ್ಮಾ ತೆಗದು ಒರಸಿಕೊಂಡ್ರು.

ಆವಾಗ ನನಗ ಹೊಳೀತು. "ಗುರುಗಳೇ, ಅದು ಇರೋದೇ ಹಂಗ್ರಿ!" ಅಂತ ಚೀರಿದೆ.

"ಏನಂದಿ?" ಗುರುಗಳು ಸಿಟ್ಟಿಲೆ ನನ್ನ ಕಡಿ ತಿರುಗಿದ್ರು. ತಿರುಗಿದವರು ನನ್ನ ಮುಖಾನೇ ನೋಡಾಕತ್ರು. ಮೆಲ್ಲಕ ಕೈ ಚಾಚಿ ನನ್ನ ಮೂಗಿನ ಕೆಳಗ ಬೆರಳಿಟ್ರು.

"ಎಡಗಡಿ ಮೀಸಿ ಒಂದು ಎಳಿ ಮ್ಯಾಲ ಹೋಗ್ಯಾದ. ಇಷ್ಟು ವರ್ಷ ಕಲಿಸೀನಿ, ಒಂದು ಸರಳ ಗೆರಿ ಬರಂಗಿಲ್ಲೇನೋ ನಿನಗ?"

ಅವ್ವಾರು ಅಳತಾ ಅಳತಾ ನಕ್ಕರು. ನಾನೂ ಅತ್ತೆ, ಯಾಕ ಸುಳ್ಳು ಹೇಳಲಿ.

ಈಗ ಎರಡನೇ ಕಣ್ಣಿಂದೂ ಆಗ್ಯಾದ, ಗುರುಗಳು ಮತ್ತ ಕುಂಚ ಹಿಡದಾರ. ನಾ ಮಾತ್ರ ಮೀಸಿ ಸರಿ ಮಾಡಿಸಿಲ್ಲ. ಐತವಾರಕ್ಕೊಮ್ಮೆ ಅವರ ಮನಿಗೆ ಹೋಗಿ ಮುಖ ಮುಂದ ಹಿಡೀತೀನಿ, ಬಾಗಲದಾಗ ಇದ್ದಾಗಲೇ ಬೈಗಳ ಸುರು ಆಗ್ತಾವ. ಹೊಟ್ಟಿತುಂಬ ಬೈಸಿಕೊಂಡು ನಿಶ್ಚಿಂತಿಲೆ ಮನಿಗೆ ಬರ್ತೀನಿ.