ಅಪ್ಪ ಯೂನಿವರ್ಸಿಟಿಯ ಮನಿ ನೋಡಿದ್ದು

ನಮ್ಮಪ್ಪನ ಜೋಡಿ ಊರ ದಾಟಿದ್ರ ಸಾಕು, ಏನರೆ ಒಂದು ಆಗೇ ಆಗತೈತಿ. ಬಸ್ಸಿನ್ಯಾಗ ಕಂಡಕ್ಟರನ ಊರು, ಹೊಲ, ಮಕ್ಕಳು ಎಲ್ಲಾ ವಿಚಾರಿಸಿದ ಮ್ಯಾಲೇನ ತಿಕೀಟ ತಗೊಳ್ಳಾಂವ. ಅಂಥಾ ಅಪ್ಪ ನನ್ನ ಎಂ.ಎ. ಸಲುವಾಗಿ ಓಡ್ಯಾಡಿದ ಕಥಿ ಇದು. ಎಂಬತ್ತರ ದಶಕದ ಕಡೀಕಿನ ಮಾತು. ಆಗ ನಮ್ಮ ಐಗಳಿ ಊರಿನ ಮನೆತನಗಳಾಗ ಹುಡುಗಿ ಬಿ.ಎ. ಮಾಡಿದ್ದೇ ದೊಡ್ಡ ಸುದ್ದಿ.

೧. ಹಾಲು

ಅಥಣಿಗೆ ಹೋಗಿ ಬಂದು ಬಿ.ಎ. ಮುಗಿಸಿ ಮನ್ಯಾಗ ಕೂತಿದ್ದೆ. ಯೂನಿವರ್ಸಿಟಿಯ ಕೈಪಿಡಿ ಟಪಾಲಿನ್ಯಾಗ ಬಂತು. ಅದರಾಗ 'ವಿದ್ಯಾರ್ಥಿಗಳಿಗೆ ಸೌಲಭ್ಯಗಳು' ಅಂತ ನಾಲ್ಕು ಪುಟ. ಹಾಸ್ಟೆಲ್ಲು, ಗ್ರಂಥಾಲಯ, ದವಾಖಾನಿ, ಬಸ್ ಪಾಸು. ದ್ರಾಕ್ಷಿ ಚಪ್ಪರದ ನೆರಳಾಗ ಕೂತು ಆ ನಾಲ್ಕು ಪುಟ ಎಷ್ಟು ಸಲ ಓದಿದೆನೋ. 'ವಾಚನಾಲಯವು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ' ಅನ್ನೂ ಒಂದ ಸಾಲಿನ್ಯಾಗ ನನಗ ಕಿಟಕಿ ಕಾಣತಿತ್ತು, ಕಿಟಕಿ ಹೊರಗಿನ ಗಿಡ ಕಾಣತಿತ್ತು, ಗಿಡದ ಮ್ಯಾಲಿನ ಗಿಣಿ ಸೈತ ಕಾಣತಿತ್ತು.

ಒಂದಿನ ಕೈಪಿಡಿ ಹಿಡಕೊಂಡು ಒಲಿ ಮುಂದ ನಿಂತಾಗೂ ಅದ ಕನಸು. ಹಾಲು ಉಕ್ಕಿ ಒಲಿ ಆರಿತು. ಅವ್ವ ಓಡಿ ಬಂದು ಪಾತೇಲಿ ಇಳಿಸಿ, ಕೈಪಿಡಿ ಕಡೆ ಬೆರಳು ಮಾಡಿ ಅಂದಳು: "ಅಷ್ಟೆಲ್ಲಾ ಕೊಡ್ತಾರಂತಲ್ಲ, ಹಾಲು ಕಾಯಾಕೂ ಒಬ್ಬಾಕೀನ ಕೊಡ್ತಾರೇನು ನೋಡು."

೨. ಐಬು

ನಡುವ ಒಂದು ತೊಡಕು ಬಂತು. ನಿಪ್ಪಾಣಿಯ ತಂಬಾಕು ವ್ಯಾಪಾರಿ ಮನೆತನದವರು ನನ್ನ ನೋಡಿ ಹೋಗಿದ್ರು. ಒಂದು ವಾರದಾಗ ಉತ್ತರ ಕೇಳಾಕ ಬರತೀವಿ ಅಂದಿದ್ರು. ಎಂ.ಎ. ಅರ್ಜಿ ಕೊಡೂ ಕಡೀ ದಿನಾನೂ ಆ ವಾರಾನ. ಅರ್ಜಿ ಮ್ಯಾಲೆ ಅಪ್ಪನ ಸಹಿ ಬೇಕು. ನನಗ ಊಟ ಸೇರವಲ್ಲದು.

ಅಪ್ಪ ಒಂದ ಮಾತು ಅಂದ: "ನಿಪ್ಪಾಣಿ ಮನಿ ನೋಡಿ ಬಂದೀನಿ. ಈ ಯೂನಿವರ್ಸಿಟಿ ಮನೀನೂ ನೋಡೂಣು. ಯಾವುದು ಚಲೋ ಐತಿ, ಅಲ್ಲಿ ಕೊಡೂಣು."

ನಮ್ಮ ಕಡೆ ಹೆಣ್ಣು ಕೊಡೂ ಮುಂಚೆ ಗಂಡಿನ ಮನಿಗೆ ಹೋಗಿ ಬಾವಿ, ದನ, ಕಾಳು ತುಂಬೂ ಹಗೇವು ಎಲ್ಲಾ ನೋಡೂ ಪದ್ಧತಿ. ಹಿರಿಯಾರು ಬೇಕಂತ ದೊಡ್ಡಪ್ಪನೂ ಹೊಂಟ. "ಮನಿ ನೋಡಾಕ ಹುಡುಗೀನ ಕರಕೊಂಡು ಹೋಗ್ತಾರೇನೋ ಯಾರರೆ?" ಅಂತ ದೊಡ್ಡಪ್ಪ ಗೊಣಗಿದರೂ ನಾ ಬಸ್ ಹತ್ತೇ ಬಿಟ್ಟೆ.

ಹುಡುಗ್ಯಾರ ಹಾಸ್ಟೆಲ್ಲಿನ ವಾರ್ಡನ್ ಬಾಯಾರಿಗೆ ಅಪ್ಪ ಕೈ ಮುಗದು ಕೇಳಿದ: "ನಿಮ್ಮನ್ಯಾಗ ಎಷ್ಟು ಮಂದಿರಿ?"

"ನೂರರ ಮ್ಯಾಲೆ ಅದಾರ."

ದೊಡ್ಡಪ್ಪ ತಲಿ ಆಡಿಸಿ ಅಂದ: "ಕೂಡಿದ ಮನೆತನ."

ಅಪ್ಪ ನಳ ತಿರುವಿ ಬೊಗಸೆ ನೀರು ಕುಡದು ನೋಡಿದ. ನೀರು ಬರೂ ವ್ಯಾಳ್ಯಾ ಕೇಳಿದ. ಹಾಸ್ಟೆಲ್ ಸೇರೂ ಹುಡುಗ್ಯಾರಿಗೆ ನಾ ಈಗಲೂ ಹೇಳೂದು ಇದನ್ನ, ಕೈಪಿಡ್ಯಾಗ ನೀರಿನ ವ್ಯಾಳ್ಯಾ ಬರೆದಿರೂದಿಲ್ಲ, ಬಾಯಿಲೆ ಕೇಳಕೋಬೇಕು.

"ಅಡಿಗಿ ಯಾರು ಮಾಡ್ತಾರ್ರಿ?"

"ಅದಕ್ಕ ಮಂದಿ ಅದಾರ್ರಿ."

"ಕಸಾ, ಮುಸರಿ?"

"ಅದಕ್ಕೂ ಅದಾರ."

"ಹಂಗಾರ ನಮ್ಮ ಹುಡುಗಿ ಏನು ಮಾಡಬೇಕ್ರಿ?"

"ಓದಬೇಕು."

ದೊಡ್ಡಪ್ಪ ಅಪ್ಪನ್ನ ಬಾಜೂಕ ಎಳದು ಕಿವ್ಯಾಗ ಅಂದ: "ಏನರೆ ಐಬು ಐತೋ ತಮ್ಮಾ. ಇಷ್ಟು ಚಲೋ ಮನಿಗೆ ಇನ್ನೂ ಹೆಣ್ಣು ಯಾಕ ಬೇಕಾಗೈತಿ?"

೩. ಅತ್ತಿ

ಐಬು ಹುಡುಕಬೇಕಂದ್ರ ನೆರೆಮನ್ಯಾಗ ಕೇಳಬೇಕು. ಹಾಸ್ಟೆಲ್ಲಿನ ಎದುರಿಗೆ ಚಾದ ಅಂಗಡಿ. ಅಪ್ಪ ಚಾ ಹೇಳಿ, ದನಿ ತಗ್ಗಿಸಿ ಕೇಳಿದ: "ಈ ಬಾಯಾರು ಸಿಟ್ಟಿನವರೇನು?"

ಚಾದಾಂವ ಸುತ್ತಮುತ್ತ ನೋಡಿ ಹೇಳಿದ: "ಬಾಳ ಖಡಕ್ರಿ. ಸಂಜೀ ಏಳಕ್ಕ ಗೇಟು ಹಾಕ್ತಾರ. ಮೊನ್ನೆ ಅವರ ಸ್ವಂತ ಮಗಳು ಐದು ನಿಮಿಷ ತಡಾ ಮಾಡಿದ್ಲು. ಆಕೀನೂ ಹೊರಗ ನಿಂದರಿಸಿ ಬೈದ ಮ್ಯಾಲೇನ ಒಳಗ ಬಿಟ್ರು."

ಆತು, ಮುಗೀತು ನನ್ನ ಎಂ.ಎ. ಅಂದ್ಕೊಂಡೆ. ಆದ್ರ ದೊಡ್ಡಪ್ಪನ ಮಾರಿ ಅರಳಿತು. "ಮಗಳಿಗೊಂದು, ಸ್ವಾಸಿಗೊಂದು ಮಾಡೂದಿಲ್ಲ ಅಂದಂಗಾತು. ಇಂಥಾ ಅತ್ತಿ ನಮ್ಮ ತಾಲೂಕಿನ್ಯಾಗ ಸಿಗಾಂಗಿಲ್ಲೋ."

೪. ವಾಚನಾಲಯ

ಕಡೀಕ ಗ್ರಂಥಾಲಯಕ್ಕ ಹೋದ್ವಿ. ಅಪ್ಪ ಬಾಗಲದಾಗ ಚಪ್ಪಲಿ ಬಿಟ್ಟ. ಫ್ಯಾನು ಸಣ್ಣಗ ತಿರಗತಿತ್ತು. ಉದ್ದನ ಮೇಜಿನ ಸುತ್ತ ಹುಡುಗ್ಯಾರು ಓದಾಕತ್ತಿದ್ರು. ಯಾರೂ ಅವರನ್ನ ಕರೀವಲ್ರು, ಏಳು ಅನ್ನವಲ್ರು. ನನಗ ಕೈಪಿಡಿಯೊಳಗ ನಡಕೋತ ಹೋದಂಗ ಆತು. ಕಿಟಕಿ ಇತ್ತು, ಗಿಡ ಇತ್ತು, ಗಿಣಿ ಮಾತ್ರ ಇರಲಿಲ್ಲ. ನನಗ ಇಲ್ಲಿಂದ ವಾಪಸ್ ಹೋಗೂದ ಬ್ಯಾಡಾಗಿತ್ತು.

ನಾ ಒಂದು ಕುರ್ಚಿ ಮ್ಯಾಲೆ ಕೂತೆ, ಅಪ್ಪ ಬಾಜೂದ ಖಾಲಿ ಕುರ್ಚಿ ಮ್ಯಾಲೆ ಕೂತು ಕಣ್ಣು ಮುಚ್ಚಿದ. ಬಾಳ ಹೊತ್ತು ಹಂಗ ಕೂತ. ಗ್ರಂಥಪಾಲಕರು ಬಂದು ಮೆಲ್ಲಕ ಅಂದರು: "ಹಿರಿಯಾರ, ಇಲ್ಲಿ ಮಲಗೂಹಂಗಿಲ್ರಿ."

"ಮಲಗಿಲ್ರಿ," ಅಂದ ಅಪ್ಪ. "ಮಗಳು ಇಲ್ಲಿ ಹೆಂಗ ಕೂತಿರ್ತಾಳಂತ ನೋಡಾಕತ್ತೀನಿ."

ಗ್ರಂಥಪಾಲಕರು ನನ್ನ ಕಡೆ ಕೈ ಮಾಡಿದರು: "ಇಲ್ಲೇ ಕೂತಾರಲ್ರಿ, ಕಣ್ಣು ತಗದು ನೋಡ್ರಿ."

"ಕಣ್ಣು ತಗದ್ರ ಆಕೀ ಮಾರಿ ಸಪ್ಪಗ ಕಾಣತೈತ್ರಿ. ಮುಚ್ಚಿದ್ರ ನಗತಾಳ."

೫. ಉತ್ತರ

ವಾಪಸ್ ಬರೂವಾಗ ಅಪ್ಪ ಕಂಡಕ್ಟರನ ಊರು ಸೈತ ಕೇಳಲಿಲ್ಲ. ಅರ್ಜಿ ಅವನ ಕಿಸೇದಾಗಿತ್ತು, ಸಹಿ ಇರಲಿಲ್ಲ. ಮರುದಿನಾನ ನಿಪ್ಪಾಣಿ ಮನೆತನದ ಹಿರಿಯಾರೊಬ್ಬರು ಬಂದರು. ನಾ ಬಾಗಲ ಮರಿಗೆ ನಿಂತಿದ್ದೆ.

ಚಾ ಆದ ಮ್ಯಾಲೆ ಅಪ್ಪ ಅಂದ: "ತಪ್ಪ ತಿಳೀಬ್ಯಾಡ್ರಿ. ಹುಡುಗೀನ ಬ್ಯಾರೆ ಕಡೆ ಕೊಟ್ಟೀವಿ."

"ಅಹೋ ಪಾವಣೇ, ಕುಠೇ? ಎಲ್ಲಿ ಕೊಟ್ರಿ?" ಹಿರಿಯಾರು ಮರಾಠಿ ಬೆರಸಿ ಕೇಳಿದರು.

"ಯೂನಿವರ್ಸಿಟಿಗೆ." ಅಂದು, ಕಿಸೇದಾಗಿನ ಅರ್ಜಿ ತಗದು, ತೊಡೀ ಮ್ಯಾಲೆ ಇಟ್ಟು, ಅವರ ಮುಂದನ ಸಹಿ ಮಾಡಿದ. ನನ್ನ ಕಣ್ಣಾಗ ನೀರು ಬಂದು ಸಹಿ ಕಾಣಲೇ ಇಲ್ಲ.

ಹಿರಿಯಾರಿಗೆ ಸ್ವಲ್ಪ ಬ್ಯಾಸರಾತು. "ನಮ್ಮನ್ಯಾಗ ಏನು ಕಮ್ಮಿ ಕಂಡ್ರಿ?"

"ಕಮ್ಮಿ ಏನಿಲ್ರಿ. ಆದ್ರ ಅವರು ಕೂಡಿಸಿ ಊಟಕ್ಕ ಹಾಕ್ತಾರ, ಕೆಲಸಾ ಹಚ್ಚೂದಿಲ್ಲ. ಜಡ್ಡಾದ್ರ ದವಾಖಾನಿ ಅಲ್ಲೇ ಐತಿ. ಎರಡು ವರ್ಷಕ್ಕ ಶಾಣ್ಯಾಕೀನ ಮಾಡಿ ಹುಡುಗೀನ ನಮಗ ವಾಪಸ್ ಕೊಡ್ತಾರ. ನೀವು ಕೊಡ್ತೀರೇನು?"

ಹಿರಿಯಾರು ಟೊಪಗಿ ಸರಿ ಮಾಡಿಕೊಂಡರು. ಏಳತಾರ, ಸಿಟ್ಟಿಲೆ ಹೋಗತಾರ ಅಂದ್ಕೊಂಡೆ. ಅವರು ಕುರ್ಚಿ ಮುಂದಕ ಎಳಕೊಂಡು, ಮೆಲ್ಲಕ ಕೇಳಿದರು:

"ನಮ್ಮನ್ಯಾಗೂ ಒಬ್ಬಾಕಿ ಮಗಳು ಅದಾಳ್ರಿ. ಆ ಮನ್ಯಾಗ ಇನ್ನೊಬ್ಬ ಸ್ವಾಸಿಗೆ ಜಾಗಾ ಐತೇನು?"