ಕಾರ್ಡ್ ತಗೊಂಡ ಮ್ಯಾಲ ಬರೂ ಮಂದಿ

ಹುನಗುಂದದಾಗ ಬಸ್ ಸ್ಟ್ಯಾಂಡ್ ಹಿಂದ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತಿ. ಬಾಗಲದಾಗ ದೊಡ್ಡ ಅಕ್ಷರದಾಗ ಬೋರ್ಡ್ ಬರಸೀನಿ: ‘ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವ ಮೊದಲು ನಿಮ್ಮ ಕಂಪ್ಯೂಟರಿಗೆ ಕೂಡತೈತೋ ಇಲ್ಲೋ ತೋರಿಸಿಕೊಂಡು ಹೋಗಿರಿ. ತೋರಿಸೋದು ಪುಕ್ಕಟೆ.’ ಮಂದಿ ನಿಂತು ಓದತಾರ. ಓದಿ, ಸೀದಾ ಹೋಗಿ ಕಾರ್ಡ್ ತಗೊಂಡು, ಆಮ್ಯಾಲ ನನ್ನ ಕಡೆ ಬರ್ತಾರ. ವಾರಕ್ಕ ಒಬ್ಬರಾದರೂ ಬರಲಿಲ್ಲಂದ್ರ ನನಗ ಅಂಗಡಿ ತಗದಂಗ ಅನಸಂಗಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೇನಿ. ಗ್ರಾಫಿಕ್ಸ್ ಕಾರ್ಡ್ ಅಂದ್ರ ಕಂಪ್ಯೂಟರಿನೊಳಗ ಚಿತ್ರ ಮೂಡಸೂ ಸಾಮಾನು. ಭಾರೀ ಭಾರೀ ಗೇಮ್ ಆಡಾವ್ರಿಗೆ, ಮದವಿ ವಿಡಿಯೋ ಎಡಿಟ್ ಮಾಡಾವ್ರಿಗೆ ಬೇಕಾಗತೈತಿ. ಹೊಸಾದು ಹಾಕೂ ಮುಂದ ನೋಡಬೇಕಾದದ್ದು ಭಾಳ ಏನಿಲ್ಲ. ಕಂಪ್ಯೂಟರಿನ ಡಬ್ಬಿಯೊಳಗ ಹಿಡೀತೈತೇನು, ಒಳಗ ಕರೆಂಟ್ ಹಂಚೂ ಪವರ್ ಸಪ್ಲೈ ಅದನ್ನ ತಡ್ಕೋತೈತೇನು, ಮಾಲು ಛಲೋ ಐತೇನು. ಇಷ್ಟ. ಎತ್ತು ತಗೋಳೂ ಮುಂದ ಬಾಯಿ ಅಗಲಿಸಿ ಹಲ್ಲು ನೋಡೂ ಮಂದಿ, ಸಂತ್ಯಾಗ ಬದನಿಕಾಯಿನ ಹಿಸುಕಿ ಹಿಸುಕಿ ಜೀವ ತಗಿಯೂ ಮಂದಿ, ಇದೊಂದನ್ನ ಮಾತ್ರ ಕಣ್ಣು ಮುಚ್ಚಿ ತರ್ತಾರ. ತಂದು ನನ್ನ ಟೇಬಲ್ ಮ್ಯಾಲ ಕುಕ್ಕಿ, “ಕುಂದರಸ್ರಿ” ಅಂತಾರ. ಕುಂದರಂಗಿಲ್ಲ ಅಂದ್ರ ನಾ ಕೆಟ್ಟಾಂವ.

ಎರಡು ಫೋಟೋ, ಒಂದು ಝೆರಾಕ್ಸ್

ಅಮೀನಗಡ ಕಡೆಯಿಂದ ಒಬ್ಬ ಹಿರ್ಯಾ ಬಂದ. ರುಮಾಲು, ಹೆಗಲ ಮ್ಯಾಲ ಕಂಬಳಿ, ಕೈಯಾಗ ಪ್ಲಾಸ್ಟಿಕ್ ಚೀಲ. ಚೀಲದಾಗಿಂದ ಆಧಾರ್ ಝೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಎರಡು ಫೋಟೋ ತಗದು ಟೇಬಲ್ ಮ್ಯಾಲ ಇಟ್ಟ.

“ಗ್ರಾಫಿಕ್ಸ್ ಕಾರ್ಡ್ ಮಾಡಸಬೇಕಾಗಿತ್ತಪಾ,” ಅಂದ. “ಮಗ ಮನ್ಯಾಗ ಕುಂತ ಜಾಗಾ ಬಿಟ್ಟು ಏಳವಲ್ಲ. ಅದೊಂದು ಕಾರ್ಡ್ ಇಲ್ಲದ ಕಂಪ್ಯೂಟರ್ ನಡಿಯಂಗಿಲ್ಲಂತ. ರೇಷನ್ ಕಾರ್ಡ್ ಐತಿ, ಲೇಬರ್ ಕಾರ್ಡ್ ಐತಿ, ದವಾಖಾನಿ ಕಾರ್ಡೂ ಐತಿ. ಇದೊಂದ ಬಾಕಿ.”

“ಯಜಮಾನ್ರ, ಇದು ಮಾಡಸೂದಲ್ರಿ. ಕೊಂಡ್ಕೊಳ್ಳೂದು.”

“ಯಾವ ಸ್ಕೀಮಿನ್ಯಾಗ ಬರತೈತಿ?”

“ಸ್ಕೀಮ್ ಇಲ್ರಿ. ರೊಕ್ಕ ಕೊಟ್ಟು ತಗೋಬೇಕು. ಅದಕ್ಕೂ ಮೊದಲ ನಿಮ್ಮ ಕಂಪ್ಯೂಟರ್ ಯಾವುದು, ಎಷ್ಟು ಹಳೇದು ಅಂತ ನಾ ನೋಡಬೇಕು.”

ರೇಟು ಎಷ್ಟಾಗಬಹುದು ಅಂತ ಕೇಳಿದ. ಹೇಳಿದೆ. ಹಿರ್ಯಾ ಝೆರಾಕ್ಸ್, ಫೋಟೋ ಎಲ್ಲಾ ತಿರಗಿ ಚೀಲದಾಗ ಹಾಕ್ಕೊಂಡು, ನನ್ನ ಮಾರಿ ದಿಟ್ಟಿಸಿ ನೋಡಿದ.

“ತಮ್ಮಾ, ನಾ ನನ್ನ ಜೀವಮಾನದಾಗ ಭಾಳ ಕಾರ್ಡ್ ಮಾಡಸೀನಿ,” ಅಂದ. “ಖರೇ ಹೇಳ್ತೇನಿ, ಇಷ್ಟು ದೊಡ್ಡ ಲಂಚ ಮಾತ್ರ ಯಾರೂ ಕೇಳಿಲ್ಲ.”

ಪವರ್ ಸಾಲಂಗಿಲ್ಲ

ಹಿರ್ಯಾನ್ನ ಬಿಡ್ರಿ, ಪಾಪ, ಅವಗೇನು ಗೊತ್ತು. ಓದಿದವರ ಸುದ್ದಿ ಹೇಳ್ತೇನಿ. ಬನಶಂಕರಿ ಕಡೇಂವ ಒಬ್ಬಾಂವ, ಡಿಗ್ರಿ ಆದಾಂವ, ತೋಟದ ಧಣಿ. ಹೆಂಡ್ತಿ ತವರು ನಮ್ಮ ಹುನಗುಂದ. ಹಬ್ಬಕ್ಕ ಬಂದಾಗ ಕಂಪ್ಯೂಟರ್ ಡಬ್ಬಿ, ಹೊಸಾ ಕಾರ್ಡ್ ಎರಡೂ ಕಾರಿನ್ಯಾಗ ಹಾಕ್ಕೊಂಡು ಬಂದಿದ್ದ.

ಡಬ್ಬಿ ಬಿಚ್ಚಿ ನೋಡಿದೆ. ಒಳಗಿನ ಪವರ್ ಸಪ್ಲೈ ಅಗದೀ ಸಣ್ಣದು, ಕಾರ್ಡ್ ದೊಡ್ಡ ಹೊಟ್ಟಿ ರಾಕ್ಷಸ. “ಸರ್, ಇದಕ್ಕ ನಿಮ್ಮ ಕಡೆ ಪವರ್ ಸಾಲಂಗಿಲ್ರಿ. ಮೊದಲ…” ಅನ್ನೂದ್ರಾಗ ಅಂವ, “ಅಷ್ಟ ಹೌದಿಲ್ಲೋ? ಅದರ ವ್ಯವಸ್ಥಾ ನಾ ಮಾಡ್ತೇನಿ” ಅಂದವನ ಎಲ್ಲಾ ಎತ್ಕೊಂಡು ನಡದ. ನಂದು ಇನ್ನೂ ಅರ್ಧಾ ಮಾತು ಬಾಯಾಗ ಇತ್ತು.

ಊರಿಗೆ ಹೋದವನ ಫೋನ್ ಹಚ್ಚಿದ. ಜೋರು ದನಿ.

“ಏನ್ರೀ, ಹೊಗಿ ಬಂತಲ್ರೀ!”

“ಯಾವ ಪವರ್ ಸಪ್ಲೈ ಹಾಕಿದ್ರಿ?”

“ಸಪ್ಲೈ ಏನ್ರಿ, ಮನ್ಯಾಗ ಸಾಲಂಗಿಲ್ಲಂತ ತೋಟದ ಪಂಪ್‌ಸೆಟ್ ಶೆಡ್ಡಿಗೆ ಒಯ್ದು ತ್ರೀ ಫೇಸ್ ಲೈನಿಗೆ ಕೊಟ್ಟೆ.”

ಯಪ್ಪಾ, ಇವಗ ಡಿಗ್ರಿ ಯಾರು ಕೊಟ್ರೋ. ಜೀವ ಉಳದದ್ದ ದೊಡ್ಡದು. “ಸರ್, ಕಂಪ್ಯೂಟರ್ ಯಾರರ ಪಂಪಿನ ಲೈನಿಗೆ ಕೊಡ್ತಾರೇನ್ರಿ?” ಅಂದೆ.

“ಯಾಕ ಕೊಡಬಾರದು? ಅದ ಲೈನಿನ್ಯಾಗ ನಮ್ಮ ಮೋಟರ್ ಇಡೀ ಬಾಳಿತೋಟಕ್ಕ ನೀರು ಎತ್ತತೈತಿ. ಅದು ಸುಡಲಿಲ್ಲ, ಇದ ಯಾಕ ಸುಟ್ಟಿತು? ಡಬ್ಬಿ ಬಿಚ್ಚಿದಾವ್ರು ನೀವ. ಏನೋ ಕೈಯಾಡಿಸೀರಿ ನೀವು!”

ಒಂದು ಗೇಣು, ನಾಕು ಬಟ್ಟು

ಇಲಕಲ್ಲದಾಗ ಗ್ರಾನೈಟ್ ವ್ಯಾಪಾರ ಮಾಡೂ ಸಾವಕಾರ ಒಬ್ಬರು. ಆಳು ಅಂದ್ರ ಬಾಗಲ ತುಂಬೂ ಆಳು. ಮಗನ ಸಲುವಾಗಿ ಕಾರ್ಡ್ ತರಾಕ ಬಾಗಲಕೋಟಿಗೆ ಹೋಗಿದ್ದರು. ಅಲ್ಲಿ ಅಂಗಡಿಯಾಂವ ಶಾಣ್ಯಾ ಇದ್ದ. “ಕಾರ್ಡ್ ಉದ್ದ ಐತ್ರಿ, ಡಬ್ಬಿಯೊಳಗ ಎಷ್ಟು ಜಾಗಾ ಐತಿ ಕೇಳ್ರಿ” ಅಂದಾನ. ಇವರು ಮನಿಗೆ ಫೋನ್ ಹಚ್ಚ್ಯಾರ. ಹೆಂಡ್ತಿ ಡಬ್ಬಿಯೊಳಗ ಕೈ ಹಾಕಿ ಅಳತಿ ತಗೊಂಡು, “ಒಂದು ಗೇಣು, ನಾಕು ಬಟ್ಟು ಐತಿ ನೋಡ್ರಿ” ಅಂದಾರ. ಸಾವಕಾರ್ರು ಇತ್ತಾಗ ಕಾರ್ಡಿನ ಮ್ಯಾಲ ತಮ್ಮ ಕೈ ಚಾಚಿ ಅಳದಾರ. ಒಂದು ಗೇಣು, ನಾಕು ಬಟ್ಟು! ಅಗದೀ ಸರಿ ಅಂತ ಪ್ಯಾಕ್ ಮಾಡಿಸ್ಯಾರ.

ಗಂಡ ಹೆಂಡ್ತಿ ಇಬ್ಬರೂ ನನ್ನ ಅಂಗಡಿಗೆ ಬಂದ್ರು. ಕಾರ್ಡ್ ಡಬ್ಬಿಯಿಂದ ಹೊರಗ ನಾಲಿಗಿ ಚಾಚಿಕೊಂಡು ಕುಂತಿತ್ತು.

“ಸಾವಕಾರ್ರ, ನೀವು ದಿನಾ ಬೆಳಗಾದ್ರ ಕಲ್ಲಿಗೆ ಟೇಪ್ ಹಿಡಿಯೂ ಮಂದಿ,” ಅಂದೆ. “ಇದಕ್ಕೊಂದು ಟೇಪ್ ಹಿಡೀಬಾರದೇನ್ರಿ?”

“ಅದು ಧಂದೇದ ಮಾತು. ಇದು ಮನಿ ಸಾಮಾನಲ್ಲೇನು,” ಅಂದ್ರು. “ಅಳತಿ ತಪ್ಪು ಹೇಳಿದಾಕಿ ಇಕಿ.”

“ನಾ ಯಾಕ ತಪ್ಪು ಹೇಳಲಿ? ನಿಮ್ಮ ಕೈ ತೋರಸ್ರಿ ಇಲ್ಲೆ,” ಅಂತ ಅಕ್ಕಾರು ತಮ್ಮ ಅಂಗೈನ ಗಂಡನ ಅಂಗೈಗೆ ಹಚ್ಚಿ ಹಿಡದ್ರು. ಸಾವಕಾರ್ರ ಕೈಯಾಗ ಅಕ್ಕಾರ ಕೈ ಸಣ್ಣ ಕೂಸಿನ ಕೈಯಂಗ ಕಾಣಸ್ತು.

ಅಕ್ಕಾರು ನನ್ನ ಕಡೆ ತಿರುಗಿದ್ರು. “ಮದವ್ಯಾಗಿ ಇಷ್ಟು ವರ್ಷ ಆತ್ರಿ, ಇವರ ಕೈ ಇಷ್ಟು ದೊಡ್ಡದು ಅಂತ ನನಗ ಇವತ್ತ ಗೊತ್ತಾತು. ಬಂಗಾರದ ಅಂಗಡ್ಯಾಗ ಒಮ್ಮೆನೂ ಕಂಡಿದ್ದಿಲ್ಲ.”

ಹೊಸಾ ಮಾಲು

ಇವೆಲ್ಲಾ ನಕ್ಕು ಬಿಡೂ ಮಾತು. ಇದೊಂದ್ರಾಗ ಮಾತ್ರ ಒಂದು ಹುಡುಗಿ ಬಾಳೇವು ಪಣಕ್ಕಿತ್ತು.

ನಮ್ಮ ಓಣ್ಯಾಗ ಒಬ್ಬ ಫೋಟೋ ಸ್ಟುಡಿಯೋ ಕಾಕಾ ಅದಾನ. ಫೋಟೋ ತಗಿಯಾಂವ ಕಾಕಾ, ಕಂಪ್ಯೂಟರ್ ಮುಂದ ಕುಂತು ವಿಡಿಯೋ ಎಡಿಟ್ ಮಾಡಾಕಿ ಅವನ ಮಗಳು. ಭಾಳ ಚುರುಕು ಹುಡುಗಿ, ನನಗ ಮಾಮಾ ಅಂತಾಳ. ಅಕಿಗೆ ಬದಾಮಿ ಕಡೆಯ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಗ ಗೌರ್ಮೆಂಟ್ ನೌಕರಿ. ಅಷ್ಟು ಕೇಳಿದ್ದ ತಡ, ಕಾಕಾ ಕಣ್ಣು ಕಿವಿ ಎರಡೂ ಮುಚ್ಚಿಕೊಂಡ. ಜಾತಕ ತೋರಿಸಿದ, ಕೂಡತೈತಿ ಅಂದ್ರು, ಮುಗೀತು. ಹುಡುಗ ಎಂಥಾಂವ, ಮನಿ ಎಂಥಾದ್ದು ಅಂತ ಒಬ್ಬರನ್ನೂ ಕೇಳಲಿಲ್ಲ. ಮಗಳು, “ಅಪ್ಪಾ, ಸ್ವಲ್ಪ ವಿಚಾರ ಮಾಡಸು” ಅಂದ್ರ, “ನಿನಗೇನು ತಿಳಿತೈತಿ, ಸುಮ್ಮಕಿರು” ಅಂತ ಬಾಯಿ ಮುಚ್ಚಿಸಿದ. ಐತವಾರ ನಿಶ್ಚಯ ಅಂತ ಆತು. ಎರಡೂ ಕಡೇವ್ರು ಸೇರಿ ವಾಟ್ಸಾಪ್ ಗ್ರೂಪ್ ಮಾಡಿದ್ರು. ಗ್ರೂಪಿನ ಡಿಪಿಗೆ ಹುಡುಗಿ ಫೋಟೋ ಹಾಕಿದ್ರು.

ಅದ ವಾರ ಕಾಕಾ ಸ್ಟುಡಿಯೋಕ್ಕಂತ ಒಂದು ಗ್ರಾಫಿಕ್ಸ್ ಕಾರ್ಡೂ ತಂದ. ಯಾರೋ ಪರಿಚಯದಾಂವ, “ಹೊಸಾ ಮಾಲು, ನಿಮಗಂತ ಇಟ್ಟೀನಿ” ಅಂದನಂತ. ಇವ ಹೂಂ ಅಂದನಂತ. ಮಗಳಿಗೆ ಗಂಡ ಹುಡಕಿದಂಗ ಕಾರ್ಡೂ ಹುಡಕಿದ್ದ ಪುಣ್ಯಾತ್ಮ. ಮಗಳು, “ಮಾಮಾನ್ನ ಕೇಳದ ಹಚ್ಚಬ್ಯಾಡ” ಅಂತ ಹಟಾ ಹಿಡದಿದ್ದಕ್ಕ ನನಗ ಕಾರ್ಡಿನ ಫೋಟೋ ಕಳಿಸಿ, “ನಮ್ಮದಕ್ಕ ಕೂಡತೈತೇನು ನೋಡಿ ಬರದು ಕಳಸು, ಅಕಿಗೆ ತೋರಸ್ತೇನಿ” ಅಂದ.

ಫೋಟೋ ನೋಡಿದವನ ನನ್ನ ಪಿತ್ತ ನೆತ್ತಿಗೇರಿತು. ಸ್ಕ್ರೂ ಎಲ್ಲಾ ಸವದಾವು, ಒಂದು ಫ್ಯಾನ್ ಬದಲಾಗೇತಿ, ಮೂಲ್ಯಾಗ ಸುಟ್ಟ ಕಲಿ. ಸಿಟ್ಟಿನ ಭರಕ್ಕ ಬರದೆ:

“ಕಾಕಾ, ಇದು ನಿಮ್ಮ ಮನಿಗೆ ಕೂಡಂಗಿಲ್ಲ. ಹೊಸಾದು ಅಂತ ಹೇಳಿ ನಿಮಗ ಟೊಪ್ಪಿಗಿ ಹಾಕ್ಯಾರ. ಇದು ಸೆಕೆಂಡ್ ಹ್ಯಾಂಡ್. ಮೊದಲ ಬ್ಯಾರೆ ಮನ್ಯಾಗ ಇತ್ತು. ಅಲ್ಲಿ ನಡೀಲಿಲ್ಲಂತ ಬಿಚ್ಚಿ ತಂದು, ಒರಸಿ, ಪಾಲಿಶ್ ಹೊಡದು ನಿಮ್ಮ ಕೊಳ್ಳಿಗೆ ಕಟ್ಟಾಕ್ಹತ್ಯಾರ. ಕೈ ಹಚ್ಚಬ್ಯಾಡ್ರಿ, ವಾಪಸ್ ಕೊಡ್ರಿ.”

ಕಾಕಾ ಇದನ್ನ ಮಗಳಿಗೆ ಫಾರ್ವರ್ಡ್ ಮಾಡಾಕ ಹೋದ. ಕನ್ನಡಕ ಇರಲಿಲ್ಲ. ಮಗಳ ಫೋಟೋ ಕಂಡಲ್ಲಿ ಒತ್ತಿದ. ಮಗಳ ಫೋಟೋ ಇದ್ದದ್ದು ನಿಶ್ಚಯದ ಗ್ರೂಪಿಗೆ.

ಹುಡುಗಿ ನನಗ ಫೋನ್ ಹಚ್ಚಿದಳು. “ಮಾಮಾ, ನೀವು ಬರದದ್ದನ್ನ ಅಪ್ಪ ಎಲ್ಲಿ ಹಾಕ್ಯಾನ ಗೊತ್ತೇನ್ರಿ? ಬೀಗರ ಗ್ರೂಪಿನ್ಯಾಗ. ಕಾರ್ಡಿನ ಫೋಟೋ ಇಲ್ಲ, ಬರೇ ಬರದದ್ದಷ್ಟ.”

ನಾ ಅಂಗಡಿ ಬಾಗಲಾ ಹಾಕದನ ಓಡಿದೆ. ಸ್ಟುಡಿಯೋದಾಗ ಕಾಕಾ ಬೆವತು ಕುಂತಿದ್ದ, ಮಗಳು ಕಂಪ್ಯೂಟರ್ ಮುಂದ.

“ಡಿಲೀಟ್ ಮಾಡೀನಿ ಬಿಡೋ,” ಅಂದ.

ಫೋನ್ ಕಸಗೊಂಡು ನೋಡಿದೆ. ಮಾಡ್ಯಾನ, ತನ್ನ ಫೋನಿನ್ಯಾಗಷ್ಟ! ಬೀಗರೆಲ್ಲಾ ಆರಾಮ ಓದಾಕ್ಹತ್ಯಾರ, ಇವನೊಬ್ಬಗ ಕಾಣವಲ್ದು.

“ಏ ಮಾರಾಯಾ, ನಿನ್ನ ಕಣ್ಣು ಮುಚ್ಚಿಕೊಂಡ್ರ ಊರಿಗೆ ಕತ್ತಲಾಗತೈತೇನು?” ಅಂತ ಬೈದೆ. ಕಾಕಾ ಅಳಾಕ ಬಂದಿದ್ದ. “ಸಂಬಂಧ ಮುರದಂಗಲೋ. ಹುಡುಗನ್ನ ಸೆಕೆಂಡ್ ಹ್ಯಾಂಡ್ ಅಂದಂಗಾತು. ನನ್ನ ಮಗಳ ಬಾಳೇವು ನಾನ ಕೈಯಾರೆ ಹಾಳ ಮಾಡಿದೆ.” ಅದರಾಗ ನಂದೂ ಪಾಲಿತ್ತು. ಬರದಾಂವ ನಾನಲ್ಲ?

ಅಷ್ಟೊತ್ತಿಗೆ ಬೀಗರ ಫೋನ್ ಬಂತು. ಹುಡುಗನ ಅಪ್ಪ. ಕನ್ನಡಕ ಇಲ್ಲದ ಕಾಕಾ ಎಲ್ಲೋ ಒತ್ತಿದ, ಸ್ಪೀಕರ್ ಆನ್ ಆತು.

“ಬೀಗರ, ತಪ್ಪು ತಿಳಕೋಬ್ಯಾಡ್ರಿ, ಅದು ಏನಾತಂದ್ರ…” ಅಂತ ಕಾಕಾ ಶುರು ಮಾಡೂದ್ರಾಗ, ಆ ಕಡೆಯಿಂದ ಇನ್ನೂ ಮೆತ್ತಗಿನ ದನಿ ಬಂತು.

“ನೀವ ತಪ್ಪು ತಿಳಕೋಬ್ಯಾಡ್ರಿ ಬೀಗರ. ನಿಮಗ ಯಾರು ಹೇಳಿದ್ರೋ ಏನೋ. ನಾವ ನಿಶ್ಚಯ ಆದ ಮ್ಯಾಲ ನಿಧಾನಕ ಹೇಳಬೇಕಂತ ಮಾಡಿದ್ವಿ.”

ನಾನೂ ಹುಡುಗಿನೂ ಮಾರಿ ಮಾರಿ ನೋಡಿಕೊಂಡ್ವಿ.

“ಅಕಿ ನಮ್ಮ ಮನ್ಯಾಗ ಇದ್ದದ್ದ ಆರು ತಿಂಗಳ್ರಿ,” ಅಂದ ಹುಡುಗನ ಅಪ್ಪ. “ಅಷ್ಟಕ್ಕ ನಮ್ಮ ಹುಡುಗನ್ನ ಸೆಕೆಂಡ್ ಹ್ಯಾಂಡ್ ಅಂದ್ರ ಹೆಂಗ್ರಿ? ಪಾಲಿಶ್ ಅಂತ ಬ್ಯಾರೆ ಬರದೀರಿ. ಅದು ಅಂವ ತಲಿಗೆ ಹಚ್ಚೂ ಬಣ್ಣರಿ, ಯಾರು ಹಚ್ಕೊಳ್ಳೂದಿಲ್ಲ ಹೇಳ್ರಿ? ಬೇಕಾದ್ರ ಕಾಗದ ಎಲ್ಲಾ ತೋರಸ್ತೇವಿ.”

ಕಾಕಾನ ತಲಿ ಇನ್ನೂ ಕಾರ್ಡಿನ್ಯಾಗ ಇತ್ತು. “ಕಾಗದ ಅಂದ್ರ ಬಿಲ್ಲೇನ್ರಿ?” ಅಂದ.

“ಬಿಲ್ಲಲ್ರಿ, ಡೈವೋರ್ಸಿಂದು.”

ಎರಡನೇ ಸಂಬಂಧ ಆಗಬಾರದಂತ ಯಾರೂ ಅನ್ನಂಗಿಲ್ಲ. ಮೊದಲ ಹೇಳಿದ್ರ ಹುಡುಗಿನ ಯೋಚನಿ ಮಾಡ್ತಿದ್ದಳೇನೋ. ಹೆಣ್ಣು ಕೊಡೂ ಮನಿಗೆ ಮುಚ್ಚಿಟ್ಟು, ಹೊಸಾ ಮಾಲು ಅಂತ ಕುಂದರಸಾಕ ಬಂದಿದ್ರಲ್ಲ ನಾಚಿಕಿಗೇಡಿಗಳು, ಅದಕ್ಕ ನನ್ನ ಮೈಯೆಲ್ಲಾ ಉರೀತು.

ಹುಡುಗಿ ಎದ್ದು ಬಂದು ಅಪ್ಪನ ಕೈಯಾಗಿನ ಫೋನ್ ತಗೊಂಡು ಕಟ್ ಮಾಡಿದಳು. ಟೇಬಲ್ ಮ್ಯಾಲಿನ ಕಾರ್ಡ್ ಬಾಕ್ಸಿನ್ಯಾಗ ಹಾಕಿ, ಮುಚ್ಚಿ, ಅಪ್ಪನ ಮುಂದ ಇಟ್ಟಳು.

“ಅಪ್ಪಾ,” ಅಂದಳು, “ಹೋಗಿ ಎರಡೂ ವಾಪಸ್ ಕೊಟ್ಟು ಬಾ.”